ಬೀಗತಿ ಕೂತ ಕುರ್ಚಿ

ನಾನೊಂದು ಕುರ್ಚಿ. ಹಾಗಂತ ಓಡಿ ಬಂದು ಕೂತುಬಿಡಬೇಡಿ, ಸ್ವಲ್ಪ ತಡೆಯಿರಿ. ಬೇರೆ ಕುರ್ಚಿಗಳನ್ನು ಜನ ಕೂರಲಿ ಅಂತ ಮಾಡುತ್ತಾರೆ. ನನ್ನನ್ನು ಮಾಡಿದ್ದು ಕೂತವರನ್ನು ಕೆಡವಲಿ ಅಂತ.

ನಾನು ಹುಟ್ಟಿದ್ದು ಗದಗಿನಲ್ಲಿ, ಶ್ರೀ ಕಲ್ಲಿನಾಥ ನಾಟಕ ಮಂಡಳಿಯ ತಗಡಿನ ಥಿಯೇಟರಿನ ಹಿಂದೆ. ಕಂಪನಿಯ ಬಡಿಗ ಮೌನೇಶಪ್ಪನವರು ಬೇವಿನ ಕಟ್ಟಿಗೆ ತಂದು, ಎಂಟು ದಿನ ಕೂತು ನನ್ನನ್ನು ಮಾಡಿದರು. ಮೂರು ಕಾಲು ಗಟ್ಟಿ. ಹಿಂದಿನ ಬಲಗಾಲಿಗೆ ಮಾತ್ರ ಮೊಳೆ ಇಲ್ಲ, ಒಂದು ಮರದ ಬೆಣೆ ಅಷ್ಟೆ. ಬೆಣೆಗೊಂದು ಕಪ್ಪು ದಾರ. ಕೂತವರು ಯಾರಿಗೂ ಕಾಣದ ಹಾಗೆ ದಾರ ಎಳೆದರೆ ಬೆಣೆ ಜಾರುತ್ತದೆ, ಕಾಲು ಮಡಚುತ್ತದೆ, ಇಬ್ಬರೂ ಧಡ್ ಅಂತ ನೆಲಕ್ಕೆ. ಬೆಣೆಯನ್ನು ಮತ್ತೆ ಸಿಕ್ಕಿಸಿದರೆ ನಾನು ಮರುದಿನದ ಆಟಕ್ಕೆ ತಯಾರು.

ಮೊದಲು ನನ್ನ ಮೇಲೆ ಕೂತವನು ಹಾಸ್ಯನಟ ಗುರುಪಾದಪ್ಪ. ಒಳ್ಳೆಯ ನಟ, ಆದರೆ ಬೀಳುವುದೆಂದರೆ ಅಂಜಿಕೆ. ಮೆಲ್ಲಗೆ, ಹಾಸಿಗೆಗೆ ಒರಗಿದ ಹಾಗೆ ಬೀಳುತ್ತಿದ್ದ. ಹಾಗೆ ಬಿದ್ದರೆ ಯಾರಪ್ಪ ನಗುತ್ತಾರೆ? ಒಂದು ದಿನ ಹೇಳದೆ ಕೇಳದೆ ಬೇರೆ ಕಂಪನಿಗೆ ಹೋಗಿಬಿಟ್ಟ. ಸಂಜೆ ಆಟ ಇದೆ, ಹಾಸ್ಯಗಾರ ಇಲ್ಲ. ಮಾಲಕ ಫಕೀರಪ್ಪನವರು ತಲೆ ಮೇಲೆ ಕೈ ಹೊತ್ತು ಕೂತರು.

ಆಗ ಮುಂದೆ ಬಂದವರು ತುಳಸಾಬಾಯಿ. ಅವರಿಗೆ ಆಗ ಇಪ್ಪತ್ತೆಂಟು. ಒಂಬತ್ತನೆಯ ವಯಸ್ಸಿಗೇ ಕಂಪನಿ ಸೇರಿದವರು, ಅಳುವ ಪಾತ್ರಗಳೇ ಅವರ ಪಾಲಿಗೆ. ಅಳುವ ತಾಯಿ, ಅಳುವ ಅಕ್ಕ, ಅಳುವ ವಿಧವೆ. ಪರದೆ ಹಿಂದೆ ಮಾತ್ರ ಅವರ ಮಾತು ಕೇಳಿ ಇಡೀ ಕಂಪನಿ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು.

"ನಾನು ಕುಂದರ್ತೀನ್ರಿ ಆ ಕುರ್ಚಿ ಮ್ಯಾಲೆ," ಅಂದರು.

"ಹೆಣ್ಣು ಬಿದ್ರ ಮಂದಿ ನಗೂದಿಲ್ಲ ಬಾಯಾರ, ಅಯ್ಯೋ ಪಾಪ ಅಂತಾರ," ಅಂದರು ಮಾಲಕರು.

"ಪಾಪದಾಕಿ ಬಿದ್ರ ಅಯ್ಯೋ ಅಂತಾರ್ರಿ. ಸೊಕ್ಕಿನಾಕಿ ಬಿದ್ರ ನಗ್ತಾರ. ನನಗ ಸೊಕ್ಕಿನ ಪಾತ್ರ ಕೊಡ್ರಿ."

ಹೀಗೆ ಹುಟ್ಟಿದವಳು ಬೀಗತಿ. ಗಂಡಿನ ತಾಯಿ ಮದುವೆ ಮಾತುಕತೆಗೆ ಹೆಣ್ಣಿನ ಮನೆಗೆ ಬರುತ್ತಾಳೆ. ನಮ್ಮ ಕಡೆ ಬೀಗತಿಯ ಬಿಂಕ ನಿಮಗೆ ಗೊತ್ತಲ್ಲ? ಮೂರು ಸಲ ಕೈಮುಗಿದು ಕರೆಯದೆ ಆಕೆ ಕೂರುವವಳಲ್ಲ. ಚಹಾ ತಂದರೆ ಸಕ್ಕರೆ ಹೆಚ್ಚು, ತರದಿದ್ದರೆ ಮರ್ಯಾದೆ ಕಡಿಮೆ. ತುಳಸಾಬಾಯಿ ಇಳಕಲ್ ಸೀರೆಯ ಸೆರಗು ಹೊದ್ದು, ಮೂಗು ಮೇಲೆ ಮಾಡಿ, ನನ್ನನ್ನು ಸೆರಗಿನ ತುದಿಯಿಂದ ಒರೆಸಿ, ಎಡಕ್ಕೆ ನೋಡಿ, ಬಲಕ್ಕೆ ನೋಡಿ, ಮಹಾರಾಣಿಯ ಗತ್ತಿನಲ್ಲಿ ಕೂತು ದಾರ ಎಳೆದರು. ಅಬ್ಬಬ್ಬಾ! ಆ ನಗು ಕೇಳಬೇಕಿತ್ತು ನೀವು. ತಗಡಿನ ಮೇಲೆ ಕಲ್ಲು ಸುರಿದ ಹಾಗಿತ್ತು.

ಆಮೇಲೆ ಮೂವತ್ತು ವರ್ಷ ನಾವಿಬ್ಬರೂ ಬಿದ್ದದ್ದೇ ಬಿದ್ದದ್ದು. ಇಳಕಲ್, ಕೊಪ್ಪಳ, ರಾಯಚೂರು, ಗಂಗಾವತಿ. ಲಾರಿಯ ನೆತ್ತಿಯ ಮೇಲೆ ನನ್ನ ಜಾಗ, ಕೆಳಗೆ ಡ್ರೈವರನ ಪಕ್ಕ ಅವರ ಜಾಗ. ಅವರಿಗೆ ಮನೆ ಇಲ್ಲ, ಮದುವೆ ಇಲ್ಲ. ಕಂಪನಿ ಎಲ್ಲಿ ಇಳಿಯುತ್ತದೋ ಅದೇ ಊರು, ಟ್ರಂಕು ಎಲ್ಲಿ ಇಟ್ಟರೋ ಅದೇ ಮನೆ. ಕೊಪ್ಪಳದಲ್ಲಿ ಒಬ್ಬ ಅಜ್ಜಿ ಆಟ ಮುಗಿದ ಮೇಲೆ ಒಳಗೆ ನುಗ್ಗಿ, "ಹೆಣ್ಮಗಳನ್ನ ದಿನಾ ಕೆಡವ್ತೀಯಲ್ಲೋ, ನಿನ್ನ ಒಲಿಗೆ ಹಾಕಲಿ," ಅಂತ ನನಗೆ ಬೈದು, ಕೋಲಿನಿಂದ ಎರಡು ಬಾರಿಸಿ ಹೋದಳು. ನೋವಾಯಿತು ನಿಜ, ಆದರೆ ಹೆಮ್ಮೆಯೂ ಆಯಿತು.

ನಡುವೆ ಒಮ್ಮೆ ಸಿನೆಮಾದವರು ಕರೆದರು. ತುಳಸಾಬಾಯಿ ಬೆಂಗಳೂರಿಗೆ ಹೋದರು. ನನ್ನ ಜೀವವೇ ಹೋಯಿತು ಅನ್ನಿ. ಹನ್ನೊಂದನೆಯ ದಿನ ಟ್ರಂಕು ಹೊತ್ತು ವಾಪಸು ಬಂದರು. "ಒಂದ ಮಾತು ಹತ್ತು ಸಲ ಅನಸ್ತಾರ, ಒಬ್ಬರೂ ನಗೂದಿಲ್ಲ. ಆ ಡಬ್ಬಿ ಮುಂದ ನಿಂತು ಯಾರನ್ನ ನಗಸೂದು?" ಅಂತ ಹೇಳಿ, ಮುಖಕ್ಕೆ ಬಣ್ಣ ಹಚ್ಚಲು ಕೂತರು.

ಈಗ ನನ್ನದೊಂದು ತಪ್ಪು ಹೇಳಿಬಿಡುತ್ತೇನೆ. ಆ ನಗುವೆಲ್ಲ ನನ್ನದೇ ಅಂತ ನಾನು ತಿಳಿದಿದ್ದೆ. ಬೀಳುವವನು ನಾನು, ಮಡಚುವ ಕಾಲು ನನ್ನದು, ಬಾಯಾರು ನೆಪಕ್ಕೆ ಮಾತ್ರ. ಹೊಗಳಿಕೆ ಒಮ್ಮೆ ನೆತ್ತಿಗೇರಿದರೆ ಕಟ್ಟಿಗೆಗೂ ಸೊಕ್ಕು ಬರುತ್ತದೆ.

ಇದನ್ನೇ ಇನ್ನೊಬ್ಬ ಬಾಯಿಬಿಟ್ಟು ಹೇಳಿದ. ಫಕೀರಪ್ಪನವರಿಗೆ ವಯಸ್ಸಾಗಿ ಅವರ ಅಳಿಯ ವಿರೂಪಾಕ್ಷಿ ಕಂಪನಿ ನೋಡಿಕೊಳ್ಳಲು ಬಂದಿದ್ದ. ಆಗ ಕಂಪನಿಯ ಕ್ಯಾಂಪು ಸಿಂಧನೂರಿನಲ್ಲಿ. ತುಳಸಾಬಾಯಿಗೆ ಐವತ್ತೆಂಟು, ಮೊಣಕಾಲು ಹಿಡಿದುಕೊಂಡು ಏಳುವ ಕಾಲ. "ಮಂದಿನ್ನ ನಗಸೂದು ಕುರ್ಚಿ ಮಾವಾರ, ಬಾಯಾರಲ್ಲ," ಅಂದ ಅವನು. "ಯಾರು ಕುಂತ್ರೂ ಅದು ಬೀಳತೈತಿ. ದಾವಣಗೆರಿಯಿಂದ ಒಬ್ಬ ಹುಡುಗಿನ್ನ ಕರಸೂಣು." ಆಮೇಲೆ ತುಳಸಾಬಾಯಿಗೇ ನೇರ ಹೇಳಿದ: "ಐತಾರ ಮೂರರ ಆಟ ನಾನು ಕುಂತು ನೋಡ್ತೀನ್ರಿ. ಮಂದಿ ಮೊದಲಿನಂಗ ನಕ್ರ ನೀವ ಇರ್ರಿ. ಇಲ್ಲಂದ್ರ ಮುಂದಿನ ಕ್ಯಾಂಪಿಗೆ ತ್ರಾಸು ತಗೋಬ್ಯಾಡ್ರಿ."

ತುಳಸಾಬಾಯಿ ಒಳಗೆ ಬಂದು ಟ್ರಂಕಿನ ಮೇಲೆ ಕೂತು, "ಎಲ್ಲಿಗೆ ಹೋಗ್ಲೆವ್ವಾ ನಾನು?" ಅಂತ ತಮಗೆ ತಾವೇ ಕೇಳಿಕೊಂಡರು. ಅವರು ನಿಜವಾಗಿ ಅತ್ತದ್ದನ್ನು ನಾನು ಕಂಡದ್ದು ಅವತ್ತೇ ಮೊದಲು. ನನ್ನ ಸೊಕ್ಕು ಅಲ್ಲೇ ಅರ್ಧ ಇಳಿಯಿತು. ಈ ಭಾನುವಾರ ಬೀಳುವಾಗ ಜೀವ ಬಿಟ್ಟು ಬೀಳುತ್ತೇನೆ ಅಂತ ಹರಕೆ ಹೊತ್ತೆ.

ಹರಕೆ ಹೊತ್ತರೇನು ಬಂತು? ಐತಾರದ ಆಟಕ್ಕೆ ಊರಿನ ದೊಡ್ಡವರು ಬರುತ್ತಾರೆಂದು ವಿರೂಪಾಕ್ಷಿ ಅವತ್ತು ಬೆಳಿಗ್ಗೆ ಮುಂದಿನ ಸಾಲಿನ ಲಟಲಟ ಅನ್ನುವ ಕುರ್ಚಿಗಳನ್ನೆಲ್ಲ ರಿಪೇರಿಗೆ ಹಾಕಿಸಿದ. ಮೌನೇಶಪ್ಪನವರು ತಂಗಿಯ ಮಗಳ ಮದುವೆಗೆ ಕುಷ್ಟಗಿಗೆ ಹೋಗಿದ್ದರು. ಹೊರಗಿನಿಂದ ಬಂದ ಬಡಿಗ ಒಳ್ಳೆಯ ಮನುಷ್ಯ, ಹೇಳಿದ್ದಕ್ಕಿಂತ ಒಂದು ಕೆಲಸ ಹೆಚ್ಚೇ ಮಾಡುವವನು. ಪರದೆ ಪಕ್ಕ ನಿಂತಿದ್ದ ನನ್ನನ್ನು ಅಲ್ಲಾಡಿಸಿ ನೋಡಿ, "ಯಾವ ಅಡನಾಡಿ ಮಾಡ್ಯಾನೋ ಇದನ್ನ! ಕುಂತವರ ನಡ ಮುರೀಲಿಲ್ಲೇನು?" ಅಂದ. ಬೆಣೆ ಕಿತ್ತ, ದಾರ ಕತ್ತರಿಸಿದ, ಗೋಂದು ಸುರಿದ, ನಾಲ್ಕು ಉದ್ದನೆಯ ಮೊಳೆ ಹೊಡೆದ. ಅಯ್ಯೋ ಪುಣ್ಯಾತ್ಮ, ಬೇಡವೋ ಅಂತ ನಾನು ಕಿರ್ರೆಂದೆ. ಆ ಸದ್ದು ಕೇಳಿ ಇನ್ನೊಂದು ಮೊಳೆ ಹೊಡೆದ.

ಐತಾರ ಮೂರು ಗಂಟೆ. ಥಿಯೇಟರು ತುಂಬಿತ್ತು. ನನ್ನನ್ನು ಎಂದಿನ ಜಾಗದಲ್ಲಿ ಇಟ್ಟರು. ಬೆಣೆ ನೋಡುವುದು ಮೌನೇಶಪ್ಪನವರ ಕೆಲಸ, ಹಾಗಾಗಿ ಬೇರೆ ಯಾರೂ ನೋಡಲಿಲ್ಲ. ಬೀಗತಿ ಬಂದಳು. ಹೆಣ್ಣಿನ ತಂದೆಯ ಪಾತ್ರದ ಈರಪ್ಪ ಮೂರು ಸಲ ಕೈಮುಗಿದು ಕರೆದ. ತುಳಸಾಬಾಯಿ ನನ್ನನ್ನು ಒರೆಸಿದರು, ಗತ್ತಿನಿಂದ ಕೂತರು. ಜನ ಆಗಲೇ ತುಟಿ ಕಚ್ಚಿ ಕಾಯುತ್ತಿದ್ದರು. ಅವರ ಬೆರಳು ದಾರ ಹುಡುಕಿತು. ದಾರ ಇಲ್ಲ. ಬೆಣೆ ತಡಕಿತು. ಮೊಳೆಯ ತಲೆ ಸಿಕ್ಕಿತು. ಮೈ ಅಲ್ಲಾಡಿಸಿದರು. ನಾನು ಜಗ್ಗಲಿಲ್ಲ, ಬಂಡೆಯ ಹಾಗೆ ನಿಂತಿದ್ದೆ. ನಾಚಿಕೆಯಿಂದ ಸತ್ತುಹೋಗುವಂತಾಯಿತು ನನಗೆ.

ಥಿಯೇಟರು ತಣ್ಣಗಾಯಿತು. ಮೊದಲ ಸಾಲಿನಲ್ಲಿ ವಿರೂಪಾಕ್ಷಿ ಕೈಕಟ್ಟಿ ಕೂತಿದ್ದ.

ತುಳಸಾಬಾಯಿ ಮೆಲ್ಲಗೆ ಎದ್ದರು. ನನ್ನ ಸುತ್ತ ಒಂದು ಸುತ್ತು ಬಂದರು. ಬಗ್ಗಿ ಕಾಲು ನೋಡಿದರು. ಮತ್ತೆ ಕೂತರು, ಮತ್ತೆ ಎದ್ದರು. ಆಮೇಲೆ ಸೊಂಟದ ಮೇಲೆ ಕೈಯಿಟ್ಟು ಈರಪ್ಪನ ಕಡೆ ತಿರುಗಿದರು.

"ಯಾಕ್ರಿ ಬೀಗರ, ನಿಮ್ಮ ಕುರ್ಚಿ ಯಾಕ ಮುರೀಲಿಲ್ಲ?"

ಈರಪ್ಪ ಪರದೆಯ ಕಡೆ ತಿರುಗಿ ನೋಡಿದ.

"ಮೂವತ್ತು ವರ್ಷ ಆತು, ಹೋದ ಹೋದ ಮನ್ಯಾಗ ನನ್ನ ಕೆಡವಿ ಮರ್ಯಾದಿ ಮಾಡ್ಯಾರ. ಕೊಪ್ಪಳದಾಗ ಬಿದ್ದೀನಿ, ರಾಯಚೂರಾಗ ಬಿದ್ದೀನಿ. ಬೀಗತಿನ್ನ ಹಿಂಗ ಸುಮ್ಮನ ಕುಂದ್ರಸಿ ಅವಮಾನ ಮಾಡಿದವರು ನೀವ ಮೊದಲಿಗರು. ಈ ಸಂಬಂಧ ಬ್ಯಾಡ!"

ಹಿಂದಿನ ಸಾಲಿನಲ್ಲಿ ಯಾರೋ ಫಕ್ಕನೆ ನಕ್ಕರು. ಆಮೇಲೆ ನಡುವಿನವರು, ಆಮೇಲೆ ಹೆಂಗಸರ ಕಡೆಯವರೆಲ್ಲ. ಈರಪ್ಪ ಗಾಬರಿಯಲ್ಲಿ, "ತಪ್ಪಾತ್ರಿ ಬೀಗತ್ಯಾರ, ನಾನ ಮುರೀತೀನಿ ತಡೀರಿ," ಅಂತ ನನ್ನ ಮೇಲೆ ಹತ್ತಿ ಕುಣಿದ. ನಾನು ಮುರಿಯಲಿಲ್ಲ. ಅವನೇ ಸುಸ್ತಾಗಿ ಇಳಿದ. ತುಳಸಾಬಾಯಿ ಅವನನ್ನು ಬದಿಗೆ ಸರಿಸಿ, ಸೀರೆಯ ನಿರಿಗೆ ಸರಿಮಾಡಿಕೊಂಡು, ಮೊಣಕಾಲಿಗೆ ಕೈಕೊಟ್ಟು, ನನ್ನ ಪಕ್ಕದಲ್ಲಿ ಬರೀ ನೆಲದ ಮೇಲೆ ಅದೇ ಮಹಾರಾಣಿಯ ಗತ್ತಿನಲ್ಲಿ ಕೂತರು.

"ನೀವು ಪದ್ಧತಿ ಬಿಟ್ರ ಬಿಡ್ರಿ. ನಾನು ಬಿಡೂದಿಲ್ಲ. ಚಾ ತರ್ರಿ ಇಲ್ಲೇ."

ಏನು ಹೇಳಲಿ ಆ ನಗುವನ್ನು! ಜನ ಎದ್ದು ನಿಂತು ನಕ್ಕರು, ಕಣ್ಣೊರೆಸಿಕೊಂಡು ನಕ್ಕರು. ಮುದುಕರೊಬ್ಬರು ಕೆಮ್ಮಿ ಕೆಮ್ಮಿ ಹೊರಗೆ ಹೋಗಿ ನೀರು ಕುಡಿದು ಬಂದು ಮತ್ತೆ ನಕ್ಕರು. ವಿರೂಪಾಕ್ಷಿಯ ಕಟ್ಟಿದ ಕೈ ಯಾವಾಗಲೋ ಬಿಚ್ಚಿಹೋಗಿತ್ತು, ಪಕ್ಕದವರ ಹೆಗಲ ಮೇಲೆ ಬಿದ್ದು ನಗುತ್ತಿದ್ದ. ನಾನೊಬ್ಬನೇ ಸುಮ್ಮನಿದ್ದವನು. ಅಲ್ಲಪ್ಪ, ನಾನು ಏನೂ ಮಾಡಿಲ್ಲ, ನಾಲ್ಕು ಕಾಲಿನ ಮೇಲೆ ನಿಂತಿದ್ದೇನೆ, ನಗು ಎಲ್ಲಿಂದ ಬಂತು? ಮೂವತ್ತು ವರ್ಷದ ನಗು ಯಾರದ್ದು ಅಂತ ನನಗೆ ತಿಳಿದದ್ದು ಆಗ.

ಆಟ ಮುಗಿದ ಮೇಲೆ ವಿರೂಪಾಕ್ಷಿ ಒಳಗೆ ಬಂದು ತುಳಸಾಬಾಯಿಯ ಕಾಲು ಮುಟ್ಟಿದ. "ಬಾಯಾರ, ಗಂಗಾವತಿಗೆ ನಿಮ್ಮ ಟ್ರಂಕು ಮೊದಲು ಏರಸ್ತೀನಿ. ಹೊಸ ಹುಡುಗಿ ಬರ್ತಾಳ, ಆಕಿಗೆ ನೀವ ಕಲಸ್ಬೇಕು."

"ಏನು, ಬೀಳೂದನ್ನ?"

"ಅಲ್ರಿ. ಬೀಳದ ನಗಸೂದನ್ನ."

ಎರಡು ದಿನದ ಮೇಲೆ ಮೌನೇಶಪ್ಪನವರು ಇಕ್ಕಳ ಹಿಡಿದು ಮೊಳೆ ಕೀಳಲು ಬಂದರು. ತುಳಸಾಬಾಯಿ ತಡೆದರು. "ಬಿಡ್ರಿ ಮೌನೇಶಪ್ಪ. ಮೊಣಕಾಲು ನೋಯ್ತಾವ. ಇನ್ನ ನಾನು ಇದರ ಮ್ಯಾಲೆ ಕುಂದರ್ತೀನಿ."

ಹಾಗೆ ನನ್ನ ರಂಗದ ಬದುಕು ಮುಗಿಯಿತು. ಈಗ ನನ್ನ ಜಾಗ ಬಣ್ಣದ ಕೋಣೆಯ ಮೂಲೆ. ತುಳಸಾಬಾಯಿಗೆ ಎಪ್ಪತ್ತು ದಾಟಿದೆ. ರಂಗಕ್ಕೆ ಹೋಗುವುದಿಲ್ಲ. ಹೊಸ ಹುಡುಗಿಯರು ಅವರ ಎದುರು ಕೂತು ಬೀಗತಿಯ ನಡಿಗೆ ಕಲಿಯುತ್ತಾರೆ, ಬೈಸಿಕೊಳ್ಳುತ್ತಾರೆ, ನಗುತ್ತಾರೆ. ನನಗೂ ಮುಪ್ಪು. ಗೋಂದು ಬಿಟ್ಟಿದೆ, ಮೊಳೆಗಳಿಗೆ ತುಕ್ಕು ಹಿಡಿದಿದೆ, ಒಂದು ಕಾಲಿಗೆ ಗೆದ್ದಲು. ಜೋರಾಗಿ ಗಾಳಿ ಬೀಸಿದರೂ ಸಾಕು, ಲಟ್ಟೆಂದು ಮುರಿದುಬಿಡಬಹುದು.

ತುಳಸಾಬಾಯಿ ಮಧ್ಯಾಹ್ನ ಊಟ ಮಾಡಿ ಬರುತ್ತಾರೆ. "ಯವ್ವಾ," ಅನ್ನುತ್ತಾ ಬೆನ್ನು ತಿರುಗಿಸಿ, ಹಿಂದೆ ನೋಡದೆ, ನನ್ನನ್ನು ನಂಬಿ ಪೂರ್ತಿ ಭಾರ ಬಿಟ್ಟು ಕೂರುತ್ತಾರೆ. ನಾನು ಇದ್ದಬದ್ದ ಜೀವವನ್ನೆಲ್ಲ ನಾಲ್ಕು ಕಾಲಿಗೆ ತಂದುಕೊಂಡು ಬಿಗಿ ಹಿಡಿದು ನಿಲ್ಲುತ್ತೇನೆ.