ಸೀಗೆಪುಡಿ ಪಾಕೀಟಿನ ಮೇಲಿನ ಮುಖ

ಟರ್ಪೆಂಟೈನ್ ಎಣ್ಣೆಯ ವಾಸನೆ ಬಂದರೆ ನನಗೆ ಈಗಲೂ ತವರುಮನೆಯ ದೀಪಾವಳಿ ನೆನಪಾಗುತ್ತದೆ. ಹಬ್ಬದ ಮುಂದೆ ಬಾಗಿಲು, ಕಿಟಕಿ, ತೊಟ್ಟಿಲಿಗೆಲ್ಲ ಬಣ್ಣ ಹಚ್ಚುತ್ತಿದ್ದೆವು. ಸಂಜೆ ಅಪ್ಪ ಆ ಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ನನ್ನ ಬೆರಳುಗಳನ್ನು ಒಂದೊಂದಾಗಿ ಒರೆಸುತ್ತಿದ್ದರು. ಆ ವಾಸನೆಗೆ ನಾನು ಹೆದರುವ ಕಾಲ ಬಂದೀತೆಂದು ಎಣಿಸಿರಲಿಲ್ಲ. ೧೯೭೮ರಲ್ಲಿ ಖಾನಾಪುರದ ನಮ್ಮ ಗಿರಣಿಯ ಅಂಗಳದಲ್ಲಿ ಅದು ರಕ್ತದ ವಾಸನೆಯೊಡನೆ ಬೆರೆಯಿತು.

ನನ್ನ ಗಂಡ ಬಾಳಪ್ಪ ಸೀಗೆಕಾಯಿ ಕುಟ್ಟಿಸಿ ಪುಡಿ ಮಾರುತ್ತಿದ್ದರು. ಹಳೆಯ ಪೇಪರಿನಲ್ಲಿ ಕಟ್ಟಿ ಕೊಡುತ್ತಿದ್ದ ಪುಡಿಗೆ ಬಣ್ಣದ ಪಾಕೀಟು ಮಾಡಿಸಬೇಕೆಂಬ ಹುಕಿ ಹುಟ್ಟಿತು. ಬೆಳಗಾವಿಯಿಂದ ಯೂಸುಫನನ್ನು ಕರೆಸಿದರು. ಯೂಸುಫ ಯಾವ ಛಾಪಾಖಾನೆಯ ಆಳೂ ಅಲ್ಲ, ಕರೆದವರಿಗೆಲ್ಲ ಚಿತ್ರ ಬರೆದುಕೊಡುವವ. ಒಂದು ವಾರ ಥಿಯೇಟರಿನ ಬೋರ್ಡು, ಇನ್ನೊಂದು ವಾರ ಲಾರಿಯ ಹಿಂದಿನ ನವಿಲು, ನಡುವೆ ಬೀಡಿ ಕಟ್ಟಿನ ಚೀಟಿ. ಸೋಮವಾರ ಬರುತ್ತೇನೆಂದವ ಗುರುವಾರ ಬರುತ್ತಿದ್ದ.

"ಏನ್ ಬರೀಲ್ರಿ ಸಾವಕಾರ್ರ?" ಎಂದು ಮೊದಲ ದಿನ ಕೇಳಿದ.

"ಹೆಣ್ಣು ಬರಿ. ಉದ್ದನ್ನ ಕೂದಲಾ ಇರಲಿ."

"ಹೆಂತಾ ಹೆಣ್ರಿ?"

"ಹೆಣ್ಣಂದ್ರ ಹೆಣ್ಣಪಾ! ಅದನೂ ನಾನ ಹೇಳಿಕೊಡಬೇಕೇನು? ನೋಡಿದ ಕೂಡಲೇ ತಿಳೀತೈತಿ ನನಗ."

ಅವನು ಬರೆದು ತಂದ ಚಿತ್ರ ನೋಡಿದ ಕೂಡಲೇ ಅವರು ಹರಿದು ಅವನ ಮುಖಕ್ಕೆ ಎಸೆದರು. "ಸಿನಿಮಾದಾಕಿನ್ನ ತಂದೀಯಲ್ಲೋ! ಮನಿಯಾಗ ತಲಿ ತೊಳಕೊಳ್ಳೋ ಹೆಣ್ಣುಮಗಳು ಬೇಕು ನನಗ." ನೆಲದ ಮೇಲೆ ನಮ್ಮ ಕೂಸು ಅಂಬೆಗಾಲಿಡುತ್ತಿತ್ತು. ಅದು ಬಾಯಿಗೆ ಹಾಕಿಕೊಂಡೀತೆಂದು ಯೂಸುಫ ಚೂರುಗಳನ್ನೆಲ್ಲ ಆರಿಸಿ ಜೇಬಿಗೆ ತುಂಬಿಕೊಂಡು ಹೋದ.

ಎರಡನೆಯ ಸಲ ತಡವಾಗಿ ಬಂದದ್ದಕ್ಕೆ ಅವನ ಕೊರಳಪಟ್ಟಿ ಹಿಡಿದು ಬಾಗಿಲ ಚೌಕಟ್ಟಿಗೆ ಬಡಿದರು. ತುಟಿ ಒಡೆಯಿತು. "ದರ್ಗಾದ ಉರ್ಸಿನ ಬೋರ್ಡ್ ಇತ್ತರೀ," ಎಂದು ಅಂಗಿಯ ತೋಳಿನಿಂದ ರಕ್ತ ಒರೆಸಿಕೊಂಡು, ಚಿತ್ರಕ್ಕೆ ತಾಗದಂತೆ ಬೆನ್ನ ಹಿಂದೆ ಹಿಡಿದಿದ್ದ ಹಾಳೆಯನ್ನು ಮುಂದೆ ಚಾಚಿದ. ಅಂದು ಅವನನ್ನು ಕೂರಿಸಿಕೊಂಡು ಎಲ್ಲರೂ ತಿದ್ದಿಸಿದರು. ನನ್ನ ಅತ್ತೆ ಬಸವಣ್ಣೆವ್ವ ಕನ್ನಡಕ ಏರಿಸಿ ಹತ್ತಿರವೇ ಕುಳಿತರು.

"ಹಣಿ ಸಣ್ಣದಾತು. ಅಗಲ ಮಾಡಪಾ. ವಿಭೂತಿ ಹಚ್ಚಿದ್ರ ಒಪ್ಪಬೇಕು."

"ಆತ್ರೀ ಅಮ್ಮಾರ."

"ಮೂಗು ಇಷ್ಟ್ಯಾಕ ಮ್ಯಾಲ? ತುದಿ ಸ್ವಲ್ಪ ಕೆಳಗ ಬರಲಿ. ಹಾಂ, ಹಂಗ. ಮ್ಯಾಲಿನ ತುಟಿ ಗಿಡ್ಡಂದು ಮಾಡು."

ಅವನು ಒರೆಸಿ ಒರೆಸಿ ಬರೆದ. ಕೊನೆಗೆ ನನ್ನ ಗಂಡನಿಗೂ ಖುಷಿಯಾಯಿತು. "ಈಗ ನಮ್ಮಾಕಿ ಆದಳು ನೋಡು! ಹೊಸಾ ಮಾಲು, ದೃಷ್ಟಿ ತಾಗಬಾರದು. ಎಡಗಲ್ಲಕ್ಕ ಕಣ್ಣಿನ ಕೆಳಗ ಒಂದು ದೃಷ್ಟಿಬೊಟ್ಟು ಇಡು." ಯೂಸುಫ ಕುಂಚದ ತುದಿಯಿಂದ ಬೊಟ್ಟಿಟ್ಟ. ಆ ಮುಖ ನಮಗೆಲ್ಲರಿಗೂ ಹಿಡಿಸಿತು. ಯಾಕೆ ಅಷ್ಟು ಹಿಡಿಸಿತೆಂದು ಯಾರೂ ಕೇಳಿಕೊಳ್ಳಲಿಲ್ಲ.

ಪಾಕೀಟು ಬೆಳಗಾವಿಯ ಅಂಗಡಿಗಳಲ್ಲಿ ತೂಗಾಡತೊಡಗಿದಾಗ ನನ್ನ ನಾದಿನಿ ಸಂಗವ್ವನಿಗೆ ಪೀರನವಾಡಿಯ ಮನೆತನವೊಂದರಲ್ಲಿ ಮದುವೆಯ ಮಾತು ನಡೆದಿತ್ತು. ಹುಡುಗಿಯನ್ನು ನೋಡಿ ಹೋಗಿದ್ದ ಆ ಮನೆಯ ಹಿರಿಯರು ಒಂದು ಮುಂಜಾನೆ ಬಂದು, ಕೂರದೆ, ಪಾಕೀಟನ್ನು ಕಟ್ಟೆಯ ಮೇಲಿಟ್ಟು ಅದರ ಮೇಲಿನ ಮುಖಕ್ಕೆ ಬೆರಳು ತೋರಿಸಿದರು. "ಹುಡುಗಿ ಮಾರೀನ ಸಂತ್ಯಾಗ ತೂಗ ಹಾಕೀರಿ. ಇಂಥಾ ಮನಿ ನಮಗ ಬ್ಯಾಡ್ರಿ," ಎಂದು ಹೊರಟೇಹೋದರು.

ನನ್ನ ಗಂಡ ಸಂಗವ್ವನನ್ನು ಹೊರಗೆಳೆದು ಪಾಕೀಟನ್ನು ಅವಳ ಕಿವಿಯ ಪಕ್ಕ ಹಿಡಿದರು. ಅದೇ ಅಗಲ ಹಣೆ, ಅದೇ ಮೂಗು, ಗಿಡ್ಡ ತುಟಿ. ಎಡಗಲ್ಲದ ಮೇಲೆ, ಕಣ್ಣಿನ ಕೆಳಗೆ, ಅವಳು ಹುಟ್ಟುತ್ತಲೇ ತಂದ ಮಚ್ಚೆ.

"ಯಾವಾಗ ನೋಡಿದಾ ಅಂವ ನಿನ್ನ?"

"ನೋಡಿಲ್ಲೋ ಯಣ್ಣಾ. ಅಂವ ಬಂದಾಗೆಲ್ಲಾ ನಾ ಹಿತ್ತಲದಾಗ—"

ಮಾತು ಮುಗಿಯುವ ಮೊದಲೇ ಹೊಡೆದರು. ಅವಳು ನೀರಿನ ಹಂಡೆಗೆ ಬಡಿದು ಬಿದ್ದಳು. ಎಬ್ಬಿಸಿ ಮತ್ತೆ ಹೊಡೆದರು. ನಡುವೆ ಹೋದ ನನ್ನ ಬಳೆಗಳು ಒಡೆದು ಮುಂಗೈಯಲ್ಲಿ ನೆಟ್ಟವು. ಅವಳ ಒಂದು ಕಣ್ಣು ಮುಚ್ಚಿಹೋಗುವಷ್ಟು ಕೆನ್ನೆ ಬಾತಿತು.

ಆಮೇಲೆ ಯೂಸುಫನನ್ನು ಕರೆತರಲು ಬೆಳಗಾವಿಗೆ ಟೆಂಪೋ ಕಳಿಸಿದರು. 'ಸಾವಕಾರ್ರು ಹೊಸಾ ಕೆಲಸ ಕೊಡತಾರ' ಎಂದು ಆಳುಗಳು ಹೇಳಿದ್ದರಂತೆ. ಯೂಸುಫ ಬಣ್ಣದ ಚೀಲ ಹೆಗಲಿಗೆ ಹಾಕಿಕೊಂಡು ನಗುತ್ತಲೇ ಇಳಿದ. ಇಳಿದ ಕಾಲು ಊರುವ ಮೊದಲೇ ಬೆಲ್ಟಿನ ಹೊಡೆತ ಬಿತ್ತು. ಚೀಲ ಕಲ್ಲಿಗೆ ಅಪ್ಪಳಿಸಿ ಸೀಸೆ ಒಡೆಯಿತು. ಟರ್ಪೆಂಟೈನ್ ಅಂಗಳದ ತುಂಬ ಹರಿಯಿತು. ಅವನು ಅದರಲ್ಲೇ ಜಾರಿ ಬಿದ್ದ. ಹೊಟ್ಟೆಗೆ ಒದ್ದರು. ಇಬ್ಬರು ಆಳುಗಳು ಅವನ ಬಲಗೈಯನ್ನು ಎಳೆದು, ಸೀಗೆಕಾಯಿ ಕುಟ್ಟುವ ಕಲ್ಲಿನ ಮೇಲಿಟ್ಟು ಒತ್ತಿ ಹಿಡಿದರು. ನನ್ನ ಗಂಡ ಒನಕೆ ಎತ್ತಿಕೊಂಡರು. ಅದರ ಬಾಯಿಗೆ ಕಬ್ಬಿಣದ ಬಳೆಯಿತ್ತು.

"ಈ ಕೈಲೇ ಬರದಿ ಹೌದಲ್ಲೋ?"

"ಕೈ ಬ್ಯಾಡ್ರೀ! ಎಲ್ಲಿ ಬೇಕಾರ ಹೊಡೀರಿ, ಕೈ ಬ್ಯಾಡ್ರೀ ಸಾವಕಾರ್ರ! ನಾ ಅವರನ್ನ ನೋಡೇ ಇಲ್ಲಾ, ಅಲ್ಲಾನ ಆಣಿ!"

"ನೋಡದನ ಮಚ್ಚಿ ಹೆಂಗ ಬಂತಲೇ?"

"ನೀವ ಇಡಿಸಿದ್ದರೀ... ದೃಷ್ಟಿಬೊಟ್ಟು..."

ಒನಕೆ ಬಿತ್ತು. ಕೊನೆಯ ಎರಡು ಬೆರಳು ಕಲ್ಲಿನ ಮೇಲೆ ಅಪ್ಪಚ್ಚಿಯಾದವು. ಅವನ ಕೂಗಿಗೆ ಮಾಡಿನ ಪಾರಿವಾಳಗಳು ಎದ್ದುಹೋದವು. ನಾನು ಅವರ ತೋಳಿಗೆ ಜೋತುಬಿದ್ದೆ. ಕೊಡವಿ ಹಾಕಿ ಮತ್ತೆ ಎತ್ತಿದರು.

ಆಗ ಅತ್ತೆ ಅಂಗಳ ದಾಟಿ ಬಂದರು. ಕಲ್ಲಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ಯೂಸುಫನ ಕೈಯ ಮೇಲೆ ತಮ್ಮ ಕೈ ಮುಚ್ಚಿದರು.

"ಹಣಿ ನಾ ಹೇಳಿದ್ದು. ಮೂಗು, ತುಟಿ, ನಾ ಹೇಳಿದ್ದು. ದಿನಾ ಕಣ್ಣ ಮುಂದಿರೋ ಮಗಳ ಮಾರಿ, ಅದನ ಬಾಯಾಗ ಬಂತು. ಬೊಟ್ಟು ನಿಂದು. ಅಂವ ಹೇಳಿದಂಗ ಬರದಾನ. ಹೊಡೀತಿದ್ರ ಇದರ ಮ್ಯಾಲ ಹೊಡಿ."

"ಅವ್ವಾ, ಕೈ ತಗಿ."

"ಹೊಡಿ ಅಂದ್ನೆಲ್ಲೋ!"

ಒನಕೆ ಬಹಳ ಹೊತ್ತು ಮೇಲೆಯೇ ನಿಂತಿತ್ತು. ಕೊನೆಗೆ ಗಿರಣಿಯ ಗೋಡೆಗೆ ಹೋಗಿ ಬಡಿಯಿತು. ನನ್ನ ಗಂಡ ಅಲ್ಲಿಯೇ ಸೀಗೆಕಾಯಿಯ ಚೀಲದ ಮೇಲೆ ಕುಸಿದು ಕುಳಿತರು.

ನಾನು ಸೆರಗು ಹರಿದು ಬೆರಳು ಕಟ್ಟಿದೆ. ಬೆಳಗಾವಿಯ ದವಾಖಾನೆ ಮುಟ್ಟುವವರೆಗೂ ಟೆಂಪೋ ಕುಣಿಯುವಾಗೆಲ್ಲ ಆ ಕೈ ಅಲುಗದಂತೆ ಮೊಣಕೈ ಕೆಳಗೆ ತನ್ನ ತೊಡೆ ಕೊಟ್ಟು ಕುಳಿತವನು, ಆ ಕೈಯನ್ನು ಕಲ್ಲಿಗೆ ಒತ್ತಿ ಹಿಡಿದಿದ್ದ ಆಳುಗಳಲ್ಲೊಬ್ಬ.

ಡಾಕ್ಟರು ಎರಡು ಬೆರಳು ತೆಗೆದರು. "ಕುಂಚ ಹಿಡೀತಾರೇನ್ರಿ?" ಎಂದು ಯೂಸುಫನ ಹೆಂಡತಿ ಬಿಲ್ಕೀಸ ಕೇಳಿದಳು. "ಹೆಬ್ಬೆಟ್ಟು, ಬಾಜೂನ ಎರಡು ಬೆರಳು ಉಳದಾವು. ಹಿಡದಾನು," ಎಂದರು ಡಾಕ್ಟರು. ಅವಳು ಗೋಡೆಗೆ ತಿರುಗಿ ಅತ್ತಳು. ನನ್ನ ಮುಖ ನೋಡಲಿಲ್ಲ. ಆದರೆ ನಾನು ನಿಂತೇ ಇದ್ದುದನ್ನು ಕಂಡು, ಕಾಲಿನಿಂದ ಸ್ಟೂಲನ್ನು ನನ್ನತ್ತ ಸರಿಸಿದಳು.

ಕೆಲವು ದಿನ ಕಳೆದ ಮೇಲೆ ನಾನು ಮತ್ತೆ ದವಾಖಾನೆಗೆ ಹೊರಟಾಗ ಸಂಗವ್ವ, "ವೈನಿ, ನಾನೂ ಬರತೇನಿ," ಎಂದು ಚಪ್ಪಲಿ ಮೆಟ್ಟಿ ನಿಂತಳು. ಕಟ್ಟೆಯ ಮೇಲಿದ್ದ ನನ್ನ ಗಂಡ ತಲೆ ಎತ್ತಲಿಲ್ಲ, ಬೇಡವೆನ್ನಲೂ ಇಲ್ಲ. ರೈಲಿನಲ್ಲಿ ಅವಳು ತೊಡೆಯ ಮೇಲಿದ್ದ ಡಬ್ಬಿಯನ್ನು ಎರಡೂ ಕೈಯಿಂದ ಹಿಡಿದೇ ಕುಳಿತಿದ್ದಳು.

ದವಾಖಾನೆಯ ಮಂಚದ ಬಳಿ ಹೋದಾಗ ಯೂಸುಫ ಕಣ್ಣು ತೆರೆದ. ಸಂಗವ್ವ ಸೆರಗಿನಿಂದ ಮುಖ ಮುಚ್ಚಿಕೊಳ್ಳಲಿಲ್ಲ. ಕೆನ್ನೆಯ ಬಾವು ಇಳಿದು ಹಳದಿಯಾಗಿತ್ತು, ಅದರ ನಡುವೆ ಮಚ್ಚೆ. ತಾನು ಒರೆಸಿ ಒರೆಸಿ ಬರೆದ ಮುಖವನ್ನು ಅವನು ಅಂದು ಮೊದಲ ಸಲ ಕಂಡ. ಬ್ಯಾಂಡೇಜಿನ ಕೈಯನ್ನು ಮೆಲ್ಲಗೆ ಚಾದರದೊಳಗೆ ಸರಿಸಿ, ದೃಷ್ಟಿ ಕೆಳಗಿಳಿಸಿದ.

ಸಂಗವ್ವ ಡಬ್ಬಿಯ ಮುಚ್ಚಳ ತೆಗೆದಳು. ಹಾಲಿನಲ್ಲಿ ಜೋಳದ ರೊಟ್ಟಿ. ಮುರಿಯಲು ಎರಡು ಕೈ ಬೇಕಾಗದಂತೆ ಮನೆಯಲ್ಲೇ ಸಣ್ಣಗೆ ಮುರಿದು ನೆನೆಸಿ ತಂದಿದ್ದಳು. ಅದರಲ್ಲಿ ಚಮಚ ಇಟ್ಟು, ಅವನ ಎಡಗೈಯ ಕಡೆಗೆ ಬಂದು, ಡಬ್ಬಿಯನ್ನು ಚಾಚಿದಳು.