ಕುಗ್ಗಿಸಿ ಕಳಿಸಿದ ರಂಗೋಲಿಗಳು

ಫೋಟೊ ತೆಗೆಯುತ್ತಾರೆ ಅಂದರೆ ಸಾಕು, ಬಸವಣ್ಣೆಮ್ಮ ಅಡುಗೆಮನೆ ಸೇರಿಬಿಡುತ್ತಿದ್ದರು. ಮದುವೆಮನೆಯಲ್ಲಾದರೆ ಯಾರದಾದರೂ ಬೆನ್ನ ಹಿಂದೆ. ಇಂಥ ಹಟಮಾರಿ ಹೆಂಗಸು ಒಂದು ಬೆಳಗ್ಗೆ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲೇ ಇಲ್ಲ. ನಾಡಿದ್ದು ಶಿವಗಣಾರಾಧನೆ. ಹಾರ ಹಾಕಿ ಇಡಲು ಒಂದು ಫೋಟೊ ಬೇಕಲ್ಲ, ಎಲ್ಲಿಂದ ತರುವುದು?

ಮಾಧವರಂನ ಸ್ಟುಡಿಯೊದವನು ಆಧಾರ್ ಕಾರ್ಡಿನ ಚಿತ್ರವನ್ನೇ ದೊಡ್ಡದು ಮಾಡಿ ಕೊಟ್ಟಿದ್ದ. ಗಂಡ ಚನ್ನವೀರಪ್ಪ ಅದನ್ನು ಒಂದು ಸಲ ನೋಡಿ, ಗೋಡೆಯ ಕಡೆ ತಿರುಗಿಸಿ ಇಟ್ಟುಬಿಟ್ಟರು. ಯಾರೋ ಕಳ್ಳಿಯನ್ನು ಹಿಡಿದು ತಂದು ನಿಲ್ಲಿಸಿದ ಹಾಗಿತ್ತು. ತನ್ನ ಹೆಂಡತಿಯ ಮುಖ ಇದಲ್ಲ ಎಂದು ಅವರಿಗೆ ಗೊತ್ತು. ಆದರೆ ಏನು ಗ್ರಹಚಾರವೋ, ಕಣ್ಣು ಮುಚ್ಚಿದರೆ ಈಗ ಅದೇ ಮುಖ ಬಂದು ನಿಲ್ಲುತ್ತಿತ್ತು. ಹೀಗೇ ಬಿಟ್ಟರೆ ಅಸಲಿ ಮುಖ ಮರೆತೇಹೋದೀತು ಎಂದು ಅವರಿಗೆ ಭಯವಾಗಿತ್ತು.

"ಅಪ್ಪಾಜಿ, ನಿಮ್ಮ ಫೋನಲ್ಲಿ ಅಮ್ಮಂದು ಒಂದಾದ್ರೂ ಇರಲಿಲ್ವಾ?" ಪೋರೂರಿನ ತನ್ನ ಮನೆಯಿಂದ ಬಂದಿದ್ದ ಮಗಳು ಜ್ಯೋತಿ ಕೇಳಿದಳು.

"ಆ ಫೋನು ನೀರಿನ ಸಂಪಿಗೆ ಬಿದ್ದು ಸತ್ತೇ ಹೋಯ್ತಲ್ಲಮ್ಮ. ಇದ್ದಿದ್ರೂ ಅದ್ರಲ್ಲಿ ಬರೀ ರಂಗೋಲಿ. ಅದನ್ನೆಲ್ಲ ನಿಂಗೆ ಮೇಲ್ ಮಾಡ್ತಿದ್ನಲ್ಲ."

ಮಾಡುತ್ತಿದ್ದರು, ಸುಳ್ಳಲ್ಲ. ಬಸವಣ್ಣೆಮ್ಮ ಬಾಗಿಲ ಮುಂದೆ ರಂಗೋಲಿ ಬಿಟ್ಟು ಮುಗಿಸಿದ ಕೂಡಲೇ ಇವರು ಫೋನು ಹಿಡಿದು ಹಾಜರು. "ಫೋಟೊದಲ್ಲಿ ನಾನು ಬೀಳಲ್ಲ ತಾನೇ?" ಎಂದು ಆಕೆ ದಿನಾ ಕೇಳುವರು. "ಇಲ್ಲ ಮಾರಾಯ್ತಿ, ಕೋಲಂ ಮಾತ್ರ" ಎಂದು ಇವರು ದಿನಾ ಹೇಳುವರು. ಆಮೇಲೆ ಕಂಪ್ಯೂಟರಿನ ಮುಂದೆ ಕೂತು ಚಿತ್ರವನ್ನು ಇಮೇಲಿನ ಬರಹದ ನಡುವೆಯೇ ಅಂಟಿಸುವರು. ಅಟ್ಯಾಚ್‌ಮೆಂಟ್ ಮಾಡಿ ಎಂದು ಜ್ಯೋತಿ ಬಾಯಿ ನೋಯುವಷ್ಟು ಹೇಳಿದ್ದಳು. ಕೇಳಿದರೆ ತಾನೇ! ಸೆಂಟ್ರಲ್ ಸ್ಟೇಷನ್ನಿನ ಪಾರ್ಸಲ್ ಆಫೀಸಿನಲ್ಲಿ ತಲೆ ನರೆಸಿಕೊಂಡ ಮನುಷ್ಯ. ಪಾರ್ಸಲ್ಲು ಬೇರೆ ಗಾಡಿ ಹತ್ತಿ ಎಲ್ಲೋ ಇಳಿದುಬಿಡಬಹುದು, ಲಗೇಜಾದರೆ ಪ್ರಯಾಣಿಕನ ಜೊತೆಗೇ ಹೋಗುತ್ತದೆ, ಹಾಗಾಗಿ ಚಿತ್ರವೂ ಬರಹದ ಜೊತೆಗೇ ಹೋಗಬೇಕು ಎಂಬುದು ಅವರ ವಾದ. ಲಗೇಜು ಅಂದಮೇಲೆ ತೂಕ ಹೆಚ್ಚಾಗಬಾರದಲ್ಲ? ಮೌಸಿನಿಂದ ಮೂಲೆ ಹಿಡಿದು ಎಳೆದೆಳೆದು ಅಂಚೆಚೀಟಿಯಷ್ಟು ಮಾಡಿ, ಈಗ ಹಗುರಾಯಿತು ಎಂದು ಕಳಿಸುವರು. ಪೆರುಂಗುಡಿಯ ಆಫೀಸಿನಲ್ಲಿ ಕೂತ ಮಗಳು ಅದನ್ನು ಅರೆಗಣ್ಣಲ್ಲಿ ನೋಡಿ "ಸೂಪರ್ ಅಪ್ಪಾಜಿ" ಎಂದು ಬರೆದು ತನ್ನ ಕೆಲಸಕ್ಕೆ ಮರಳುವಳು.

ಈಗ ಜ್ಯೋತಿ ಲ್ಯಾಪ್‌ಟಾಪ್ ತೆರೆದು ಆ ಹಳೆಯ ಇಮೇಲುಗಳನ್ನು ಹುಡುಕಿದಳು. ಒಂದರಲ್ಲಿ ರಂಗೋಲಿಯ ಮೇಲಂಚಿಗೆ, ಹೊಸ್ತಿಲ ಹತ್ತಿರ, ಅಕ್ಕಿಕಾಳಿನಷ್ಟು ಹಸಿರು ಕಂಡಿತು.

"ಇದು ಅಮ್ಮನ ಸೀರೆನಾ?"

ಪರದೆಯ ಮೇಲಿದ್ದದ್ದನ್ನೇ ಸ್ಕ್ರೀನ್‌ಶಾಟ್ ತೆಗೆದು ಹಿಗ್ಗಿಸಿದಳು. ಬರೀ ಹಸಿರು ಚೌಕಗಳು.

"ಬಿಡಮ್ಮ. ನಾನೇ ಕೈಯಾರೆ ಕುಗ್ಗಿಸ್ದೆ." ಚನ್ನವೀರಪ್ಪ ಕುರ್ಚಿಯನ್ನು ಹಿಂದಕ್ಕೆ ಸರಿಸಿದರು. ಆಗ ಕಣ್ಣಿಗೆ ಪೊರೆ ಬೇರೆ ಬಂದಿತ್ತು. ರಂಗೋಲಿಯ ಗೆರೆ ಕಂಡರೇ ಹೆಚ್ಚು, ಅಂಚಿನಲ್ಲಿ ಯಾರಿದ್ದಾರೆ ಎಂದು ನೋಡಿದವರು ಯಾರು? ತಮ್ಮ ದಡ್ಡತನಕ್ಕೆ ಅವರಿಗೇ ಸಿಟ್ಟು ಬಂತು.

"ಕೊಂಚಂ ಇರುಂಗ, ಸ್ವಲ್ಪ ತಾಳಿ ಅಪ್ಪಾಜಿ. ಚಿತ್ರದ ಮೇಲೇ ರೈಟ್ ಕ್ಲಿಕ್ ಮಾಡಿ ಸೇವ್ ಮಾಡ್ತೀನಿ. ಏನು ಬರತ್ತೋ ನೋಡೋಣ."

ಸೇವ್ ಆಯಿತು. ತೆರೆದಳು.

ಪರದೆ ತುಂಬಿಹೋಯಿತು. ಎಳೆ ಬಿಸಿಲು, ನೀರು ಚಿಮುಕಿಸಿದ ನೆಲ, ಒಂದೊಂದು ಚುಕ್ಕಿಯೂ ಬಿಡಿಬಿಡಿಯಾಗಿ ಕಾಣುವ ರಂಗೋಲಿ. ಅದರಾಚೆ, ಹೊಸ್ತಿಲ ಮೇಲೆ, ಬಸವಣ್ಣೆಮ್ಮ! ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಹಣೆಯ ವಿಭೂತಿಯ ಪಕ್ಕ ರಂಗೋಲಿ ಪುಡಿ ಮೆತ್ತಿಕೊಂಡು, ಫೋಟೊ ತೆಗೆಯಲು ಬಗ್ಗಿ ಒದ್ದಾಡುತ್ತಿರುವ ಗಂಡನನ್ನು ನೋಡಿ ನಗುತ್ತಿದ್ದರು. ಆ ವಾರೆಹಲ್ಲು ಸಮೇತ ಕಾಣುವಂಥ ಬಾಯ್ತುಂಬ ನಗು.

"ಶಿವನೇ!" ಚನ್ನವೀರಪ್ಪ ಕುರ್ಚಿಯಿಂದ ಎದ್ದೇಬಿಟ್ಟರು. "ಇದೆಲ್ಲ ಆ ಅಂಚೆಚೀಟಿಯೊಳಗಿತ್ತಾ?"

"ಇತ್ತು ಅಪ್ಪಾಜಿ. ನೀವು ಕುಗ್ಗಿಸಿದ್ದು ಮೇಲ್ನೋಟಕ್ಕೆ ಮಾತ್ರ. ಒಳಗೆ ಪೂರ್ತಿ ಬಂದಿದೆ, ಒಂದು ಚೂರೂ ಕಮ್ಮಿ ಆಗಿಲ್ಲ." ಜ್ಯೋತಿ ಅಳುತ್ತಿದ್ದಳು. "ನಾನೂ ಇಷ್ಟು ದಿನ ನೋಡ್ಲೇ ಇಲ್ವಲ್ಲ!"

ಇನ್ನೊಂದು ಸೇವ್ ಮಾಡಿದಳು. ಅಲ್ಲೂ ಇದ್ದರು, ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು. ಮತ್ತೊಂದರಲ್ಲಿ ಬೀದಿನಾಯಿಯನ್ನು ಗದರಿಸುತ್ತ. ಮಗದೊಂದರಲ್ಲಿ ಸೊಂಟದ ಮೇಲೆ ಕೈಯಿಟ್ಟು, ಮುಗಿಯಿತೋ ಇಲ್ಲವೋ ಎಂಬಂತೆ. ಕ್ಯಾಮೆರಾ ಕಂಡರೆ ಮುಖ ತಿರುಗಿಸುತ್ತಿದ್ದ ಹೆಂಗಸು ಇಲ್ಲಿ ಕ್ಯಾಮೆರಾದ ಕಡೆ ನೋಡಿಯೇ ಇರಲಿಲ್ಲ. ನೋಡಿದ್ದೆಲ್ಲ ಅದನ್ನು ಹಿಡಿದವನನ್ನು. ದಿನಾ ಬೆಳಗ್ಗೆ ತನ್ನನ್ನು ಇಷ್ಟು ಅಕ್ಕರೆಯಿಂದ ನೋಡುತ್ತಿದ್ದಳೇ ಎಂದು ಚನ್ನವೀರಪ್ಪನವರಿಗೆ ಮೈ ಜುಮ್ಮೆಂದಿತು. ತಮಗೆ ಗೊತ್ತಿಲ್ಲದೆಯೇ ಪರದೆಗೆ ಕೈಮುಗಿದರು. ಆಮೇಲೆ ಕಣ್ಣು ಮುಚ್ಚಿ ನೋಡಿದರು. ಆಧಾರ್ ಕಾರ್ಡಿನವಳು ಬರಲಿಲ್ಲ. ನಗುತ್ತ ಬಂದವಳು ಇವಳೇ.

"ಆ ಹಸಿರು ಸೀರೆಯದೇ ಇರಲಿ" ಎಂದರು.

ಜ್ಯೋತಿ ಮೂಗೊರೆಸಿಕೊಂಡು ಸ್ಟುಡಿಯೊಗೆ ಇಮೇಲ್ ಬರೆಯತೊಡಗಿದಳು. "ಫ್ರೇಮಿಗೆ ಮುಖ ಮಾತ್ರ ಸಾಕಲ್ವಾ? ಉಳಿದದ್ದು ಕಟ್ ಮಾಡಿ ಚಿಕ್ಕದಾಗಿ ಕಳಿಸ್ತೀನಿ."

ಚನ್ನವೀರಪ್ಪ ಮಗಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಏನೂ ಕಟ್ ಮಾಡ್ಬೇಡ. ರಂಗೋಲಿ, ಹೊಸ್ತಿಲು, ಅವಳು, ಎಲ್ಲ ಇರಲಿ. ಎಷ್ಟು ತೂಕ ಆದ್ರೂ ಆಗಲಿ, ಪೂರ್ತಿ ಕಳಿಸಮ್ಮ."