ಕೂಡಿಸಿದ ಎಳೆ

೧೯೬೨ರ ಜೂನ್ ತಿಂಗಳು. ನನ್ನ ಮಗಳು ದಾಕ್ಷಾಯಿಣಿಗೆ ಹಾಸನದ ಡ್ರಾಯಿಂಗ್ ಟೀಚರ್ ತರಗತಿಯಲ್ಲಿ ಸೀಟು ಬೇಕಿತ್ತು. ಅದಕ್ಕೆ ಮೂರು ಚಿತ್ರ ಒಯ್ದು ತೋರಿಸಬೇಕು. ಎರಡು ಮುಗಿದಿದ್ದವು. ಮೂರನೆಯದು ತೊಡಕಿನದು: ಗಿಡವೋ ಪ್ರಾಣಿಯೋ, ಯಾವುದಾದರೊಂದರ ಅಚ್ಚು ತೆಗೆದು, ಅದರಿಂದ ಮೂಲದ ಗುರುತೇ ಹತ್ತದಂಥ ಚಿತ್ರ ಕಟ್ಟಬೇಕು.

ಅವಳು ತೆಳು ಕಾಗದಕ್ಕೆ ಎಣ್ಣೆ ಸವರಿ ಹರಳು ಗಿಡದ ಎಲೆಯ ಮೇಲೆ ಹಾಸಿ ಗೆರೆ ಎಳೆದುಕೊಂಡಳು. ಇನ್ನೊಂದು ಕಾಗದದಲ್ಲಿ ಬಸವನಹುಳುವಿನ ಚಿಪ್ಪು. ಎರಡನ್ನೂ ಒಂದರ ಮೇಲೊಂದಿಟ್ಟು ತಿರುಗಿಸಿ ತಿರುಗಿಸಿ ನೋಡಿದಳು. ನಾನು ರಾಗಿ ಬೀಸುತ್ತಿದ್ದೆ. ಅರಕಲಗೂಡಿನ ಗಂಗಯ್ಯ ಮೇಷ್ಟ್ರು ಕಲಿಸಿದ್ದನ್ನು ಅವಳು ತನ್ನಷ್ಟಕ್ಕೇ ಹೇಳಿಕೊಳ್ಳುತ್ತಿದ್ದಳು. ಒಂದು ಆಕಾರ ಮತ್ತೆ ಮತ್ತೆ ಬರಲಿ, ಅಳತೆ ಒಂದೇ ಆಗುವುದು ಬೇಡ. ಒಂದು ಕಡೆ ಭಾರವಾದರೆ ಇನ್ನೊಂದು ಕಡೆ ತೂಗಿಸು. ಕಣ್ಣು ಒಳಗೆ ಹೋದ ಮೇಲೆ ಹೊರಗೆ ಬರಲು ದಾರಿ ಬಿಡು.

ಎಂಟು ದಿನಕ್ಕೆ ಎಲೆ, ಚಿಪ್ಪು ಎರಡೂ ಮಾಯವಾದವು. ಉಳಿದದ್ದು ಬಳುಕುವ ಗೆರೆಗಳು ಮಾತ್ರ. ಇದ್ದ ಒಂದೇ ದಪ್ಪ ಹಾಳೆಗೆ ಅದನ್ನು ಕಪ್ಪು ಶಾಯಿಯಲ್ಲಿ ಇಳಿಸಿದಳು.

ಹೊರಡುವ ಬೆಳಿಗ್ಗೆ ಅವಳು ನೀರಿಗೆ ಹೋಗಿದ್ದಾಗ ಪಕ್ಕದ ಮನೆಯ ಪುಟ್ಟತಾಯಮ್ಮ ಮಜ್ಜಿಗೆ ಕೇಳಲು ಬಂದವಳು ಚಾಪೆಯ ಮೇಲಿದ್ದ ಚಿತ್ರ ನೋಡಿದಳು.

"ಇದೇನಕ್ಕ, ಕೋಳಿ ಕಾಲಿಗೆ ಮಸಿ ಅತ್ತಿಸಿ ಓಡಾಡಿಸವ್ಳಾ?" ಎಂದು ನಕ್ಕಳು. ಆಮೇಲೆ ಬಗ್ಗಿ ನೋಡಿ, "ನೋಡಿಲ್ಲಿ, ಎಳೆ ಬಾಯ್ಬುಟ್ಕೊಂಡದೆ. ಎಣ್ಮಗ ಒಳ್ಳೆ ಕೆಲ್ಸಕ್ಕೆ ಒಂಟವ್ಳೆ, ಅಂಗೇ ಬುಡ್ತೀಯಾ?" ಎಂದಳು.

ನಿಜ. ಬಲಗಡೆ ಎರಡು ಗೆರೆಗಳು ಒಂದನ್ನೊಂದು ಮುಟ್ಟದೆ ನಿಂತಿದ್ದವು. ಬಾಗಿಲ ಮುಂದೆ ನಾನು ಒಂದು ದಿನವೂ ಎಳೆ ಕೂಡಿಸದೆ ರಂಗೋಲಿ ಬಿಟ್ಟು ಎದ್ದವಳಲ್ಲ. ಮಗು ಅವಸರದಲ್ಲಿ ಮರೆತಿದೆ ಅಂದುಕೊಂಡೆ. ಕೈ ಒರೆಸಿಕೊಂಡು, ಶಾಯಿ ಅದ್ದಿ, ಎರಡನ್ನೂ ಕೂಡಿಸಿದೆ. ಗೆರೆ ಚೆನ್ನಾಗಿಯೇ ಬಂತು.

ದಾಕ್ಷಾಯಿಣಿ ಬಿಂದಿಗೆ ಇಳಿಸಿ ನೋಡಿದಳು.

"ಯಾಕವ್ವಾ ಮುಚ್ಬುಟ್ಟೆ? ಅದೇ ದಾರಿ ಕಣವ್ವಾ, ಬೇಕೂಂತ ಬುಟ್ಟಿದ್ದೆ."

"ಮರ್ತಿದ್ದೀಯ ಅಂದ್ಕೊಂಡೆ ಮಗಾ."

ಅವಳು ಅಳಲಿಲ್ಲ. ಶಾಯಿ ಅಳಿಸಲಾಗದು. ಬೇರೆ ಹಾಳೆ ಇಲ್ಲ. ಹತ್ತು ಗಂಟೆಗೆ ಬಸ್ಸು. ನಾನು ಒಲೆಯ ಮುಂದೆ ಹೋಗಿ ಕುಳಿತೆ. ರೊಟ್ಟಿ ಒಂದು ಸೀದುಹೋಯಿತು.

ತಿರುಗಿ ನೋಡಿದಾಗ ಅವಳು ನನ್ನ ಹೊಲಿಗೆಯ ಕತ್ತರಿ ಹಿಡಿದಿದ್ದಳು. ಹಾಳೆಯ ಬಲಗಡೆ ಮೂರು ಬೆರಳು ಅಗಲ, ನಾನು ಕೂಡಿಸಿದ ಜಾಗ ಪೂರ್ತಿ ಹೋಗುವ ಹಾಗೆ, ಕತ್ತರಿಸಿ ತೆಗೆದಳು. ಈಗ ಎರಡು ಗೆರೆಗಳೂ ಅಂಚಿನ ತನಕ ಓಡಿ ಹಾಳೆಯಿಂದಲೇ ಹೊರಗೆ ಹೋಗಿಬಿಟ್ಟಿದ್ದವು. ಚಿತ್ರವನ್ನು ದೂರ ಹಿಡಿದು ನೋಡಿದಳು.

"ಎಡಗಡೆ ಭಾರ ಆಯ್ತು," ಎಂದು ಬಲಗಡೆಯ ಒಂದು ಸಣ್ಣ ಆಕಾರಕ್ಕೆ ಪೂರ್ತಿ ಕಪ್ಪು ತುಂಬಿದಳು. ಅದು ಒಣಗುವ ತನಕ ಮೊರದಲ್ಲಿ ಗಾಳಿ ಹಾಕಿದೆ. ಅವಳು ಬೇಡ ಅನ್ನಲಿಲ್ಲ.

ಸಂಜೆ ಬಂದು ಚೀಲ ಇಳಿಸಿದಳು. ಅಲ್ಲಿದ್ದವರು ಮೂರನೆಯ ಚಿತ್ರವನ್ನೇ ಬಹಳ ಹೊತ್ತು ನೋಡಿದರಂತೆ.

"ಗೆರೆನ ಅಂಚಿಂದಾಚೆ ಬುಡಾದು ಯಾರು ಏಳ್ಕೊಟ್ರು ಅಂದ್ರು."

"ಏನಂದೆ?"

"ನಮ್ಮವ್ವ ಅಂದೆ."

ಸೀಟು ಸಿಕ್ಕಿತ್ತು. ಮಾರನೆಯ ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟೆ. ಎಳೆಯನ್ನು ಎಂದಿನಂತೆ ಕೂಡಿಸಿದೆ.